ಗೇಮಿನ ಮೇಲೆ ಗೂಬೆ: ಐವತ್ತು ವರ್ಷದ ಒಂದು ಆರೋಪದ ಕಥೆ

ಕಪ್ಪು-ಬಿಳುಪು ಪರದೆ. ಎದುರಿಗೆ ಸ್ಟೀರಿಂಗ್, ಕಾಲಡಿ ಪೆಡಲ್. ಕಡ್ಡಿಯಲ್ಲಿ ಗೀಚಿದಂಥ ಪುಟ್ಟ ಆಕೃತಿಗಳು ಅತ್ತಿಂದಿತ್ತ ಓಡುತ್ತವೆ. ಕಾರು ಗುದ್ದಿದರೆ ಒಂದು ಕೀಚಲು ಚೀರಾಟ, ಬಿದ್ದ ಜಾಗದಲ್ಲಿ ಒಂದು ಶಿಲುಬೆ. 1976ರಲ್ಲಿ ಅಮೆರಿಕದ ಎಕ್ಸಿಡಿ ಕಂಪನಿ ಗೇಮ್ ಪಾರ್ಲರುಗಳಿಗೆ ತಂದ ‘ಡೆತ್ ರೇಸ್’ ಇಷ್ಟೇ. ಓಡುವವು ಮನುಷ್ಯರಲ್ಲ, ‘ಗ್ರೆಮ್ಲಿನ್’ ಎಂಬ ಕಾಲ್ಪನಿಕ ಜೀವಿಗಳು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಸ್ತೆ ಸುರಕ್ಷತೆಗಾಗಿ ಕೆಲಸ ಮಾಡುವ ನ್ಯಾಷನಲ್ ಸೇಫ್ಟಿ ಕೌನ್ಸಿಲ್ ಖಂಡಿಸಿತು, ಪತ್ರಿಕೆಗಳು ಬರೆದವು, ಟಿವಿಯಲ್ಲಿ ಚರ್ಚೆಯಾಯಿತು. ಗದ್ದಲ ಎದ್ದ ಮೇಲೆ ಆ ಯಂತ್ರಕ್ಕೆ ಬೇಡಿಕೆ ಹೆಚ್ಚಿತು.

ವಿಡಿಯೋ ಗೇಮ್ ಹಿಂಸೆ ಕಲಿಸುತ್ತದೆ ಎಂಬ ದೂರು ದೊಡ್ಡದಾಗಿ ಕೇಳಿಬಂದದ್ದು ಆಗಲೇ. ದೂರಿನ ಅಚ್ಚು ಮಾತ್ರ ಅದಕ್ಕಿಂತ ಹಳೆಯದು. 1954ರಲ್ಲಿ ಇದೇ ಅಮೆರಿಕದಲ್ಲಿ ಕಾಮಿಕ್ಸ್ ಪುಸ್ತಕಗಳು ಕಟಕಟೆಯಲ್ಲಿದ್ದವು. ಮಕ್ಕಳು ದಾರಿ ತಪ್ಪುವುದಕ್ಕೆ ಅವೇ ಕಾರಣ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮುಂದೆ ಸಾಕ್ಷ್ಯ ನುಡಿದರು. ಹೆದರಿದ ಪ್ರಕಾಶಕರು ತಮಗೆ ತಾವೇ ಕತ್ತರಿ ಹಾಕಿಕೊಂಡರು. ದಶಕಗಳ ನಂತರ ವರ್ಥಮ್ ಅವರ ಕಡತಗಳನ್ನು ತೆರೆದು ನೋಡಿದ ಸಂಶೋಧಕಿ ಕ್ಯಾರಲ್ ಟಿಲ್ಲಿ, ಮಕ್ಕಳು ಹೇಳಿದ್ದನ್ನು ಅವರು ತಮ್ಮ ವಾದಕ್ಕೆ ಒಗ್ಗುವಂತೆ ತಿದ್ದಿದ್ದರು ಎಂದು 2012ರಲ್ಲಿ ತೋರಿಸಿದರು. ಅಷ್ಟರಲ್ಲಿ ಎಷ್ಟೋ ಪ್ರಕಾಶನ ಸಂಸ್ಥೆಗಳು ಮುಚ್ಚಿಹೋಗಿದ್ದವು.

ಗೇಮುಗಳ ಸರದಿಗೆ ಬಂದರೆ, 1982ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಸಾರ್ವಜನಿಕ ಆರೋಗ್ಯ ಮುಖ್ಯಸ್ಥ, ಎವರೆಟ್ ಕೂಪ್ ಅವು ಮಕ್ಕಳಿಗೆ ಅಪಾಯಕಾರಿ ಎಂದುಬಿಟ್ಟರು. ಆಮೇಲೆ, ಅದು ತಮ್ಮ ಸ್ವಂತ ಅಭಿಪ್ರಾಯ, ವೈಜ್ಞಾನಿಕ ಪುರಾವೆ ಇಲ್ಲ ಎಂದು ಸ್ಪಷ್ಟನೆ ಕೊಟ್ಟರು. ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯ ಮಾತು.

ನಿಜವಾದ ಬಿರುಗಾಳಿ ಎದ್ದದ್ದು 1993ರಲ್ಲಿ. ಸೋತವನ ತಲೆಯನ್ನು ಬೆನ್ನುಮೂಳೆ ಸಮೇತ ಕಿತ್ತೆಳೆಯುವ ‘ಮಾರ್ಟಲ್ ಕಾಂಬ್ಯಾಟ್’ ಆ ಸೆಪ್ಟೆಂಬರಿನಲ್ಲಿ ಪಾರ್ಲರು ಬಿಟ್ಟು ಮನೆಯೊಳಕ್ಕೆ ಕಾಲಿಟ್ಟಿತು. ಮನೆಯಲ್ಲಿ ಆಡುವ ಗೇಮ್ ಯಂತ್ರಗಳ ಕಂಪನಿ ನಿಂಟೆಂಡೋ ತನ್ನ ಆವೃತ್ತಿಯಲ್ಲಿ ರಕ್ತವನ್ನು ತೆಗೆದು ಬೆವರು ಮಾಡಿತ್ತು. ಪ್ರತಿಸ್ಪರ್ಧಿ ಸೆಗಾದಲ್ಲಿ ಒಂದು ಗುಪ್ತ ಸಂಕೇತ ಒತ್ತಿದರೆ ರಕ್ತ ಬರುತ್ತಿತ್ತು, ಹೆಚ್ಚು ಮಾರಾಟವಾದದ್ದೂ ಅದೇ. ಡಿಸೆಂಬರ್ 9ರಂದು ಸೆನೆಟರುಗಳಾದ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಬಹಿರಂಗ ವಿಚಾರಣೆ ನಡೆಸಿದರು. ಎರಡೂ ಕಂಪನಿಯವರು ಒಬ್ಬರ ಮೇಲೊಬ್ಬರು ಕೆಸರೆರಚಿಕೊಂಡರು. ಮರುದಿನವೇ ‘ಡೂಮ್’ ಎಂಬ ಹೊಸ ಶೂಟಿಂಗ್ ಗೇಮ್ ಬಿಡುಗಡೆಯಾಯಿತು. 1994ರಲ್ಲಿ ಉದ್ಯಮವೇ ಇಎಸ್ಆರ್‌ಬಿ ಎಂಬ ರೇಟಿಂಗ್ ಮಂಡಳಿ ಕಟ್ಟಿಕೊಂಡಿತು. ಯಾವ ವಯಸ್ಸಿಗೆ ಯಾವ ಗೇಮ್ ಎಂದು ಡಬ್ಬದ ಮೇಲೆ ಅಚ್ಚು ಹಾಕುವ ಪದ್ಧತಿ ಅಲ್ಲಿ ಬಂದದ್ದು ಹಾಗೆ. ಇಡೀ ಗದ್ದಲದಲ್ಲಿ ಹೆತ್ತವರಿಗೆ ನಿಜಕ್ಕೂ ದಕ್ಕಿದ ಪ್ರಯೋಜನ ಅದು ಎಂದು ನಾನು ತಿಳಿದಿದ್ದೇನೆ.

1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡಿನ ಮಳೆಗರೆದರು. ಅಂದು ಹನ್ನೆರಡು ಮಕ್ಕಳು, ಒಬ್ಬ ಶಿಕ್ಷಕ ಸತ್ತರು. ಹಂತಕರಿಬ್ಬರೂ ‘ಡೂಮ್’ ಆಡುತ್ತಿದ್ದರು. ಅಲ್ಲಿಂದ ಮುಂದೆ ಈ ಚರ್ಚೆಯ ಸ್ವರೂಪವೇ ಬೇರೆಯಾಯಿತು. ಅದುವರೆಗೆ ಅಸಹ್ಯ ಎನ್ನಿಸಿಕೊಂಡಿದ್ದ ಗೇಮ್ ಈಗ ಕೊಲೆಯ ತರಬೇತಿ ಎನ್ನಿಸಿಕೊಂಡಿತು.

ಮರುವರ್ಷ ಮನೋವಿಜ್ಞಾನಿಗಳಾದ ಕ್ರೇಗ್ ಆ್ಯಂಡರ್ಸನ್ ಮತ್ತು ಕ್ಯಾರನ್ ಡಿಲ್ ಒಂದು ಪ್ರಬಂಧ ಪ್ರಕಟಿಸಿದರು. ಅದು ಶುರುವಾಗುವುದೇ ಕೊಲಂಬೈನ್ ಹತ್ಯೆಯಿಂದ. ಒಳಗಿರುವ ಪ್ರಯೋಗವನ್ನು ಮಾತ್ರ ತುಸು ಹತ್ತಿರದಿಂದ ನೋಡಬೇಕು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಗುಂಡು ಹಾರಿಸುವ ‘ವುಲ್ಫನ್‌ಸ್ಟೈನ್ 3ಡಿ’, ಇನ್ನು ಕೆಲವರಿಗೆ ಒಗಟು ಬಿಡಿಸುವ ಶಾಂತ ಗೇಮ್ ‘ಮಿಸ್ಟ್’ ಕೊಟ್ಟರು. ಆಮೇಲೆ ಅವರನ್ನು ಬಟನ್ ಮುಂದೆ ಕೂರಿಸಿದರು. ಸೂಚನೆ ಬಂದೊಡನೆ ಯಾರು ಬೇಗ ಒತ್ತುತ್ತಾರೋ ಅವರು ಗೆದ್ದಂತೆ, ಸೋತವರ ಕಿವಿಗೆ ಹೆಡ್‌ಫೋನಿನಲ್ಲಿ ಕರ್ಕಶ ಸದ್ದು. ಎದುರಾಳಿಗೆ ಎಷ್ಟು ಜೋರಾದ ಸದ್ದು, ಎಷ್ಟು ಹೊತ್ತು ಎಂದು ಗೊತ್ತುಮಾಡುವುದು ಆಡುವವರ ಕೈಯಲ್ಲೇ. ಅಸಲಿಗೆ ಎದುರಾಳಿಯೇ ಇರಲಿಲ್ಲ, ಎಲ್ಲ ಕಂಪ್ಯೂಟರಿನ ಏರ್ಪಾಟು. ಗುಂಡಿನ ಗೇಮ್ ಆಡಿದವರು, ತಾವು ಸೋತ ಸುತ್ತಿನ ನಂತರ, ತುಸು ಹೆಚ್ಚು ಹೊತ್ತು ಸದ್ದು ಬಿಟ್ಟರು. ಸದ್ದಿನ ಜೋರಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಸೆಕೆಂಡಿನ ಚೂರಿನಷ್ಟು ಉದ್ದದ ಸದ್ದಿಗೂ ಶಾಲೆಯೊಳಗಿನ ಹೆಣಗಳಿಗೂ ಅಜಗಜಾಂತರ. ಪ್ರಯೋಗಶಾಲೆಯಲ್ಲಿ ಇದರ ಹೆಸರು ‘ಆಕ್ರಮಣಶೀಲತೆ’. ಪತ್ರಿಕೆಗೆ ಬಂದಾಗ ‘ಹಿಂಸೆ’. ರಾಜಕಾರಣಿಯ ಬಾಯಲ್ಲಿ ‘ಕೊಲೆ’. ಅರ್ಧ ಶತಮಾನದ ಈ ವಾಗ್ವಾದದ ಬಹುಪಾಲು ಗೊಂದಲ ಹುಟ್ಟಿದ್ದು ಈ ಮೂರು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತದ್ದರಿಂದ. ಸಂಶೋಧಕರೆಲ್ಲ ಸುಳ್ಳು ಹೇಳಿದರು ಎಂದು ಇದರ ಅರ್ಥವಲ್ಲ. ಸುಲಭವಾಗಿ ಅಳೆಯಬಹುದಾದದ್ದನ್ನು ಅಳೆದರು, ಜನ ತಮಗೆ ಭಯವಿದ್ದದ್ದನ್ನು ಕೇಳಿಸಿಕೊಂಡರು. ಅಳತೆಯಲ್ಲೂ ಹುಳುಕಿತ್ತು. ಜರ್ಮನಿಯ ಸಂಶೋಧಕ ಮಾಲ್ಟೆ ಎಲ್ಸನ್, ಬೇರೆ ಬೇರೆ ಪ್ರಬಂಧಗಳು ಈ ಸದ್ದಿನ ಪರೀಕ್ಷೆಯ ಫಲಿತಾಂಶವನ್ನು ಎಷ್ಟು ಬಗೆಯಲ್ಲಿ ಲೆಕ್ಕ ಹಾಕಿವೆ ಎಂದು ಎಣಿಸಿದರು. ನೂರೈವತ್ತಕ್ಕೂ ಹೆಚ್ಚು ಬಗೆ ಸಿಕ್ಕವು.

ಸಿಟ್ಟು ಬರುವುದೇ ಇಲ್ಲ ಎಂದೇನೂ ಅಲ್ಲ. ಕೊನೇ ಹಂತದಲ್ಲಿ ಸೋತ ಹುಡುಗ ಕಂಟ್ರೋಲರನ್ನು ಹಾಸಿಗೆಗೆ ಎಸೆಯುತ್ತಾನೆ, ಊಟಕ್ಕೆ ಕರೆದರೆ ಗದರುತ್ತಾನೆ. ಅದನ್ನು ಕಂಡ ತಾಯಿಯ ಆತಂಕ ಸುಳ್ಳಲ್ಲ. ಮನೋವಿಜ್ಞಾನಿ ಆ್ಯಂಡ್ರೂ ಷಿಬಿಲ್‌ಸ್ಕಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಸಿಟ್ಟಿನ ಬೇರನ್ನೇ ಹುಡುಕಿದವು. ರಕ್ತವಿಲ್ಲದ ಗೇಮ್ ಆದರೂ ಸರಿ, ಕೈಗೆ ಹತ್ತದಂತೆ, ಎಷ್ಟು ಹೆಣಗಿದರೂ ಗೆಲ್ಲಲಾಗದಂತೆ ಮಾಡಿದರೆ ಆಡುವವರು ಕೆರಳುತ್ತಾರೆ. ಕೆರಳಿಸುವುದು ಸೋಲು. ಚದುರಂಗದ ಮಣೆಯನ್ನು ಕವುಚಿ ಎದ್ದು ಹೋದವರನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ.

ಕಾನೂನು ಅಂತಿಮವಾಗಿ ಈ ಪ್ರಶ್ನೆಗೆ ಎದುರಾದದ್ದು 2011ರಲ್ಲಿ. ಹಿಂಸಾತ್ಮಕ ಗೇಮುಗಳನ್ನು 18 ವರ್ಷದೊಳಗಿನವರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ರದ್ದು ಮಾಡಿತು. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಆ್ಯಂಟೊನಿನ್ ಸ್ಕಾಲಿಯಾ, ಮಕ್ಕಳ ಪುಸ್ತಕಗಳಲ್ಲೂ ಹಿಂಸೆಗೆ ಕೊರತೆಯಿಲ್ಲ ಎನ್ನುತ್ತ, ಮಕ್ಕಳೇ ಮಾಟಗಾತಿಯನ್ನು ಒಲೆಯೊಳಗೆ ಬೇಯಿಸಿ ಸಾಯಿಸುವ ಗ್ರಿಮ್ ಸಹೋದರರ ಕಥೆಯನ್ನು ನೆನಪಿಸಿದರು. ಸಲ್ಲಿಸಿದ ಅಧ್ಯಯನಗಳು ಗೇಮೇ ಕಾರಣ ಎಂದು ಸಾಬೀತು ಮಾಡುವುದಿಲ್ಲ ಎಂದೂ ಬರೆದರು.

ಆಮೇಲಿನ ಅಧ್ಯಯನಗಳು ಹೆಚ್ಚು ಬಿಗಿಯಾದವು. ಜರ್ಮನಿಯಲ್ಲಿ ವಯಸ್ಕರ ಒಂದು ಗುಂಪಿಗೆ ಎರಡು ತಿಂಗಳು ದಿನಾ ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಆಡಿಸಿದರು. ಅವರ ಸ್ವಭಾವದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. 2019ರಲ್ಲಿ ಷಿಬಿಲ್‌ಸ್ಕಿ ಮತ್ತು ನೆಟಾ ವೈನ್‌ಸ್ಟೈನ್ ಬ್ರಿಟನ್ನಿನ 14-15 ವಯಸ್ಸಿನ ಸುಮಾರು ಸಾವಿರ ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಏನನ್ನು ಹೇಗೆ ಲೆಕ್ಕ ಹಾಕುತ್ತೇವೆ ಎಂದು ಮೊದಲೇ ದಾಖಲಿಸಿಟ್ಟರು, ಮಕ್ಕಳ ನಡತೆಯ ಬಗ್ಗೆ ಹೆತ್ತವರನ್ನೇ ಕೇಳಿದರು. ಹಿಂಸಾತ್ಮಕ ಗೇಮಿಗೂ ಆಕ್ರಮಣಶೀಲ ನಡತೆಗೂ ನಂಟು ಸಿಗಲಿಲ್ಲ. ಇದಕ್ಕೆ ಎದುರಾದ ಪುರಾವೆಯನ್ನೂ ಹೇಳಲೇಬೇಕು. 24 ಅಧ್ಯಯನಗಳ 17,000ಕ್ಕೂ ಹೆಚ್ಚು ಮಂದಿಯ ಮಾಹಿತಿ ಒಟ್ಟುಗೂಡಿಸಿದ 2018ರ ಒಂದು ವಿಶ್ಲೇಷಣೆ ಸಣ್ಣದೊಂದು ನಂಟನ್ನು ಕಂಡಿತ್ತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಶಾಲೆಯಲ್ಲಿ ಹೊಡೆದಾಡುವಂಥ ನಡತೆ. ಪರಿಣಾಮ ಇದ್ದರೂ ಅದು ಚಿಕ್ಕದೇ ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಸಂಶೋಧಕರು ಈಗಲೂ ಇದ್ದಾರೆ. ಅಮೆರಿಕದಲ್ಲಿ ಹಿಂಸಾಪರಾಧಕ್ಕೆ ಬಂಧಿತರಾದ ಬಾಲಕರ ಪ್ರಮಾಣ 1994ರಲ್ಲಿ ಗರಿಷ್ಠ ಮುಟ್ಟಿ ಆಮೇಲೆ ಇಳಿಯುತ್ತ ಬಂತು. ಗೇಮ್ ಮನೆಮನೆಗೆ ಹರಡಿದ್ದು ಅದೇ ವರ್ಷಗಳಲ್ಲಿ. ಇದರಿಂದ ಗೇಮ್ ಹಿಂಸೆಯನ್ನು ತಗ್ಗಿಸಿತು ಎಂದೂ ಹೇಳಲಾಗದು.

ಪುರಾವೆ ಹೀಗಿದ್ದೂ ಆರೋಪ ಸಾಯುವುದಿಲ್ಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನ ಹತರಾದಾಗ, ಹಂತಕ ಯಾರೆಂದು ಖಚಿತವಾಗುವ ಮೊದಲೇ ಟಿವಿಯಲ್ಲಿ ಗೇಮಿನ ಮೇಲೆ ಗೂಬೆ ಕೂರಿಸಿಯಾಗಿತ್ತು. ತನಿಖಾ ಸಮಿತಿಗೆ ಸಿಕ್ಕಿದ್ದು, ಆತ ಚಿಕ್ಕಂದಿನಲ್ಲಿ ‘ಸಾನಿಕ್’ ಎಂಬ ಮಕ್ಕಳ ಗೇಮ್ ಆಡುತ್ತಿದ್ದ ಎಂಬುದಷ್ಟೇ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನೂ ಆರು ಮಂದಿ ದೊಡ್ಡವರನ್ನೂ ಕೊಂದವನ ಮನೆಯಲ್ಲಿ ಶೂಟಿಂಗ್ ಗೇಮುಗಳೂ ಇದ್ದವು. ಆದರೆ ತನಿಖಾ ವರದಿಯ ಪ್ರಕಾರ ಅವನು ಗಂಟೆಗಟ್ಟಲೆ ಮುಳುಗಿರುತ್ತಿದ್ದದ್ದು ಚಿತ್ರಮಂದಿರವೊಂದರ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಯಂತ್ರದಲ್ಲಿ. ಹಾಡಿನ ತಾಳಕ್ಕೆ ಹೆಜ್ಜೆ ಹಾಕುವ ಆಟ ಅದು.

ನನ್ನನ್ನು ಹೆಚ್ಚು ನೋಯಿಸುವುದು ಈ ಗದ್ದಲದಲ್ಲಿ ಮರೆಯಾಗುವ ಸಂಗತಿಗಳು. 2019ರ ಆಗಸ್ಟ್ 3ರಂದು ಟೆಕ್ಸಾಸಿನ ಎಲ್ ಪಾಸೋದಲ್ಲಿ ವಾಲ್‌ಮಾರ್ಟ್ ಅಂಗಡಿಗೆ ನುಗ್ಗಿದವನ ಗುಂಡಿಗೆ 23 ಜನ ಬಲಿಯಾದರು. ಮೆಕ್ಸಿಕನ್ನರನ್ನೇ ಗುರಿ ಮಾಡಿಕೊಂಡಿದ್ದೆ ಎಂದು ಅವನು ಪೊಲೀಸರ ಬಳಿ ಒಪ್ಪಿಕೊಂಡ. ಎರಡು ದಿನದ ನಂತರ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮ ಭಾಷಣದಲ್ಲಿ ಜನಾಂಗದ್ವೇಷವನ್ನು ಖಂಡಿಸಿದರು, ಜೊತೆಗೆ ಭೀಕರ ವಿಡಿಯೋ ಗೇಮುಗಳತ್ತಲೂ ಬೊಟ್ಟು ಮಾಡಿದರು. ಆ ವಾರ ವಾಲ್‌ಮಾರ್ಟ್ ತನ್ನ ಅಂಗಡಿಗಳಿಂದ ಹಿಂಸಾತ್ಮಕ ಗೇಮುಗಳ ಜಾಹೀರಾತು ಫಲಕಗಳನ್ನು ತೆಗೆಸಿತು. ಬಂದೂಕಿನ ಮಾರಾಟ ನಡೆದೇ ಇತ್ತು. ಕೈಬಂದೂಕಿನ ಗುಂಡುಗಳನ್ನು ಇನ್ನು ಮಾರುವುದಿಲ್ಲ ಎಂದು ಕಂಪನಿ ಪ್ರಕಟಿಸಿದ್ದು ಸೆಪ್ಟೆಂಬರ್ 3ರಂದು.