ತೀಡಿದಷ್ಟೂ ಜಾರುವ ಪ್ರೋಟೀನ್ ಮಾದರಿ

ಗೊತ್ತಿರುವ ಪ್ರೋಟೀನ್ ರಚನೆಯೊಂದನ್ನು ಅಚ್ಚಾಗಿ (ಟೆಂಪ್ಲೇಟ್) ಇಟ್ಟುಕೊಂಡು ಅದರ ಸಂಬಂಧಿ ಪ್ರೋಟೀನಿನ ರಚನೆ ಊಹಿಸಿದರೆ ಅದು ಹೋಮಾಲಜಿ ಮಾದರಿ. ಅದನ್ನು ಕಟ್ಟಿ ಮುಗಿಸಿದ ಮೇಲೆ ರಿಫೈನ್ ಮಾಡಬೇಕೇ, ಅಂದರೆ ತೀಡಬೇಕೇ, ತೀಡಿದರೆ ಎಷ್ಟು ಎಂಬುದಕ್ಕೆ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಉತ್ತರ. ಮಿನಿಮೈಸ್ ಮಾಡದೆ (ಶಕ್ತಿ ಇಳಿಯುವಂತೆ ಪರಮಾಣುಗಳನ್ನು ಸರಿಸದೆ) ಡಾಕಿಂಗಿಗೆ, ಅಂದರೆ ಔಷಧದಂಥ ಅಣುವನ್ನು ಮಾದರಿಯಲ್ಲಿ ಕೂರಿಸಿ ನೋಡಲು, ಇಳಿಯಬೇಡಿ ಎನ್ನುವವರಿದ್ದಾರೆ. ಕೈ ಹಚ್ಚಿದರೆ ಕೆಡುತ್ತದೆ ಎನ್ನುವವರೂ ಇದ್ದಾರೆ. ಅಮೈನೋ ಆಮ್ಲಗಳ ಸರಣಿಯಿಂದಲೇ ರಚನೆ ಊಹಿಸುವ ಎಐ ತಂತ್ರಾಂಶ ಆಲ್ಫಾಫೋಲ್ಡ್ ಇರುವಾಗ ಈ ಚರ್ಚೆಯೇ ಯಾಕೆ ಎನ್ನುವವರು ಈಚೆಗೆ ಸೇರಿಕೊಂಡಿದ್ದಾರೆ. ಮೂರೂ ಮಾತು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ.

1969ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಫಿಲಿಪ್ಸ್ ತಂಡ ಕೋಳಿಮೊಟ್ಟೆಯ ಲೈಸೊಜೈಮನ್ನು ಆಧಾರವಾಗಿಟ್ಟುಕೊಂಡು ಹಾಲಿನ ಆಲ್ಫಾ-ಲ್ಯಾಕ್ಟಾಲ್ಬುಮಿನ್‌ನ ಮಾದರಿ ಕಟ್ಟಿತು, ಅದೂ ತಂತಿಯಲ್ಲಿ. 1971ರಲ್ಲಿ ಏಳೇ ರಚನೆಗಳೊಂದಿಗೆ ಪ್ರೋಟೀನ್ ಡೇಟಾ ಬ್ಯಾಂಕ್ (ಪಿಡಿಬಿ) ಶುರುವಾಯಿತು. 1986ರಲ್ಲಿ ಚೋಥಿಯಾ ಮತ್ತು ಲೆಸ್ಕ್ ಲೆಕ್ಕ ಹಾಕಿ ತೋರಿಸಿದರು: ಸರಣಿಗಳು ಅರ್ಧದಷ್ಟು ಹೊಂದಿದರೆ ಒಳತಿರುಳಿನ ಬೆನ್ನೆಲುಬು ಸುಮಾರು 1 ಆಂಗ್‌ಸ್ಟ್ರಾಂ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಮಾತ್ರ ಅತ್ತಿತ್ತ ಆಗುತ್ತದೆ, ಹೋಲಿಕೆ ಇಳಿದಂತೆ ಅಂತರ ಬೇಗ ಬೇಗ ಏರುತ್ತದೆ. 1993ರಲ್ಲಿ ಸಾಲಿ ಮತ್ತು ಬ್ಲಂಡೆಲ್ ಅವರ ಮಾಡೆಲರ್ ತಂತ್ರಾಂಶ ಬಂದ ಮೇಲೆ ಈ ಕೆಲಸ ಯಾವ ವಿದ್ಯಾರ್ಥಿಯಾದರೂ ಮಾಡಬಹುದಾದದ್ದಾಯಿತು.

ಗೋಜಲು ಶುರುವಾದದ್ದೂ ಅಲ್ಲಿಂದಲೇ. ಮಾಡೆಲರ್‌ಗೆ ಬೇಕಾದದ್ದು ಟೆಂಪ್ಲೇಟಿನ ಪಿಡಿಬಿ ಕಡತ, ಎರಡು ಸರಣಿಗಳನ್ನು ಸ್ಥಾನಕ್ಕೆ ಸ್ಥಾನ ಹೊಂದಿಸಿಟ್ಟ ಒಂದು ಅಲೈನ್‌ಮೆಂಟ್, ನಾಲ್ಕು ಸಾಲಿನ ಸ್ಕ್ರಿಪ್ಟ್. ಹೊಸಬರನ್ನು ಮೊದಲು ತಡೆಯುವುದು ಸರಣಿ ಹೊಂದುತ್ತಿಲ್ಲ ಎಂಬ ದೂರು. ಅಲೈನ್‌ಮೆಂಟಿಗೆ ಅವರು ಪ್ರೋಟೀನಿನ ಪೂರ್ಣ ಸರಣಿ ಹಾಕಿರುತ್ತಾರೆ. ರಚನೆ ಬಿಡಿಸಿದ ಹರಳಿನಲ್ಲಿ ಕಾಣದೆ ಹೋದ ಹತ್ತು-ಹದಿನೈದು ರೆಸಿಡ್ಯೂ (ಸರಣಿಯ ಅಮೈನೋ ಆಮ್ಲಗಳು) ಪಿಡಿಬಿಯ ಆಟಂ ಸಾಲುಗಳಲ್ಲಿ, ಅಂದರೆ ಪರಮಾಣುಗಳ ಸ್ಥಾನ ಬರೆದಿರುವ ಸಾಲುಗಳಲ್ಲಿ, ಇರುವುದೇ ಇಲ್ಲ, ತಂತ್ರಾಂಶ ಓದುವುದು ಆ ಸಾಲುಗಳನ್ನೇ. ಇದು ಕಾಟ ಕೊಟ್ಟರೂ ವಾಸಿ, ಓಟವೇ ನಿಲ್ಲುವುದರಿಂದ ತಪ್ಪು ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದ ತಪ್ಪು ಬೇರೆಯದು. ಹೋಲಿಕೆ 30 ಶೇಕಡಕ್ಕಿಂತ ಕೆಳಗಿರುವಾಗ ಅಲೈನ್‌ಮೆಂಟಿನಲ್ಲಿ ಒಂದು ಗ್ಯಾಪ್ (ಖಾಲಿ ಸ್ಥಾನ) ಹೆಲಿಕ್ಸಿನ, ಅಂದರೆ ಸುರುಳಿಯ, ಆಚೆ ಬೀಳುವ ಬದಲು ಈಚೆ ಬಿತ್ತು ಎಂದುಕೊಳ್ಳಿ. ಹೆಲಿಕ್ಸಿನ ಒಂದು ಸುತ್ತಿಗೆ 3.6 ರೆಸಿಡ್ಯೂ, ಅಂದರೆ ಒಂದೊಂದಕ್ಕೂ 100 ಡಿಗ್ರಿ ತಿರುವು. ಒಂದೇ ಒಂದು ಸ್ಥಾನ ಸರಿದರೆ ಒಳಗೆ ಮುಖ ಮಾಡಬೇಕಿದ್ದ, ನೀರೊಲ್ಲದ ಲ್ಯೂಸಿನ್ ಪಕ್ಕಕ್ಕೆ ತಿರುಗುತ್ತದೆ, ಅದರ ಜಾಗದಲ್ಲಿ ನೀರು ಬೇಡುವ ಲೈಸಿನ್ ಬಂದು ಕೂರುತ್ತದೆ. ಬೆನ್ನೆಲುಬಿನ ಆಲ್ಫಾ ಕಾರ್ಬನ್‌ಗಳೂ 3.8 ಆಂಗ್‌ಸ್ಟ್ರಾಂ ಪಕ್ಕದ ಮನೆಗೆ ಹೋಗಿರುತ್ತವೆ. ಮಾದರಿ ಮಾತ್ರ ನೋಡಲು ಅಚ್ಚುಕಟ್ಟು.

ಬೆನ್ನೆಲುಬಿನ ತಿರುವು ಕೋನಗಳು ಸಾಧ್ಯವಾದವೇ ಎಂದು ತೋರಿಸುವ ರಾಮಚಂದ್ರನ್ ನಕ್ಷೆ ಈ ತಪ್ಪನ್ನು ಹಿಡಿಯುವುದಿಲ್ಲ. ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿದ್ದಾಗ, 1963ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ನಕ್ಷೆ ಅದು. ಮುಂದೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. 90 ಶೇಕಡಕ್ಕಿಂತ ಹೆಚ್ಚು ರೆಸಿಡ್ಯೂ ಅನುಕೂಲ ವಲಯದಲ್ಲಿರಬೇಕೆಂಬ ಪ್ರೋಚೆಕ್ ಎಂಬ ತಪಾಸಣೆ ತಂತ್ರಾಂಶದ ಅಳತೆಗೋಲು ಒಳ್ಳೆಯ ಹರಳು ರಚನೆಗಳನ್ನು ನೋಡಿ ಮಾಡಿದ್ದು. ಮಾಡೆಲರ್ ತನ್ನ ನಿರ್ಬಂಧಗಳಲ್ಲೇ ಆ ಕೋನಗಳ ಹಂಚಿಕೆಯನ್ನು ಸೇರಿಸಿಕೊಂಡಿರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಓದಿಕೊಂಡವನಿಗೆ ಅಂಕ ಬಂದರೆ ಆಶ್ಚರ್ಯವೇನಿಲ್ಲ. ಆದರೂ ಪ್ರಬಂಧಗಳಲ್ಲಿ ಆ ಒಂದು ಅಂಕಿಯೇ ಮಾದರಿಯ ಪ್ರಮಾಣಪತ್ರವಾಗಿ ಕೂತುಬಿಟ್ಟಿದೆ. ಟೆಂಪ್ಲೇಟಿನ ಮತ್ತು ಮಾದರಿಯ ಡೋಪ್ ಅಂಕಗಳನ್ನು (ಮಾಡೆಲರ್ ಲೆಕ್ಕ ಹಾಕುವ ಇವು ಏರಿದಷ್ಟೂ ಕೆಟ್ಟದ್ದು) ರೆಸಿಡ್ಯೂವಾರು ಒಂದೇ ಚಿತ್ರದಲ್ಲಿ ಎಳೆದು, ಎಲ್ಲಿ ದಿಬ್ಬ ಎದ್ದಿದೆ ಎಂದು ನೋಡಿ ಅಲ್ಲಿನ ಅಲೈನ್‌ಮೆಂಟನ್ನು ಕೈಯಾರೆ ತಿದ್ದುವುದು ಹೆಚ್ಚು ಉಪಯೋಗದ ಕೆಲಸ.

ಟೆಂಪ್ಲೇಟಿನ ಋಣ ಎಷ್ಟು ದೊಡ್ಡದು ಎಂದು ತೋರಿಸಿದ್ದು ಜೀವಕೋಶದ ಪೊರೆಯಲ್ಲಿ ಕೂತು ಹೊರಗಿನ ಸಂಕೇತ ಹಿಡಿಯುವ ಜಿಪಿಸಿಆರ್ ಗ್ರಾಹಕಗಳ ಕುಟುಂಬ. 2000ದಲ್ಲಿ ಹಸುವಿನ ಕಣ್ಣಿನ ರೊಡಾಪ್ಸಿನ್ ರಚನೆ ಬಂತು. ಡೋಪಮಿನ್, ಸೆರೊಟೋನಿನ್, ಅಡ್ರಿನಾಲಿನ್ ಗ್ರಾಹಕಗಳಿಗೆಲ್ಲ ಏಳು ವರ್ಷ ಅದೇ ಅಚ್ಚು. ಆದರೆ ರೊಡಾಪ್ಸಿನ್‌ನಲ್ಲಿ ಬೆಳಕು ಹಿಡಿಯುವ ರೆಟಿನಲ್ ಅಣು ಒಳಗೇ ಬಂಧವಾಗಿ ಕೂತಿರುತ್ತದೆ, ಹೊರಬದಿಯ ಎರಡನೇ ಲೂಪ್ (ಹೆಲಿಕ್ಸ್‌ಗಳನ್ನು ಜೋಡಿಸುವ ಕುಣಿಕೆ) ಅದರ ಮೇಲೆ ಮುಚ್ಚಳ ಹಾಕಿರುತ್ತದೆ. 2007ರಲ್ಲಿ ಬೀಟಾ-2 ಅಡ್ರಿನರ್ಜಿಕ್ ಗ್ರಾಹಕದ ರಚನೆ ಬಿಡಿಸಿದಾಗ ಅದೇ ಲೂಪಿನಲ್ಲಿ ಪುಟ್ಟ ಹೆಲಿಕ್ಸ್ ಇತ್ತು, ಅಣು ಕೂರುವ ಗೂಡಿನ ಬಾಯಿ ತೆರೆದಿತ್ತು. ಮುಚ್ಚಿದ ಬಾಯಿಯ ಮಾದರಿಯನ್ನು ಎಷ್ಟು ಮಿನಿಮೈಸ್ ಮಾಡಿದರೂ ಅದು ತೆರೆಯುತ್ತಿರಲಿಲ್ಲ. ಮಿನಿಮೈಸೇಶನ್ ಶಕ್ತಿಯ ಹತ್ತಿರದ ಗುಂಡಿಗೆ ಇಳಿಯುತ್ತದೆಯೇ ಹೊರತು ಗುಡ್ಡ ಹತ್ತಿ ಆಚೆಗೆ ಹೋಗುವುದಿಲ್ಲ.

ಹಾಗಾದರೆ ಪರಮಾಣುಗಳ ಚಲನೆಯನ್ನೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಮಾಲಿಕ್ಯುಲರ್ ಡೈನಮಿಕ್ಸ್? ಎರಡು ವರ್ಷಕ್ಕೊಮ್ಮೆ ನಡೆಯುವ ರಚನೆ ಊಹಿಸುವವರ ಕ್ಯಾಸ್ಪ್ ಪರೀಕ್ಷೆ 2008ರಲ್ಲಿ ರಿಫೈನ್‌ಮೆಂಟಿಗೇ ಒಂದು ವಿಭಾಗ ತೆರೆಯಿತು. ತೀಡಿದ ಮಾದರಿಗಳಲ್ಲಿ ಬಹುಪಾಲು ಮೊದಲಿಗಿಂತ ಕೆಟ್ಟವು. ಸುಮ್ಮನೆ ಓಡಲು ಬಿಟ್ಟರೆ ಮಾದರಿ ನಿಜ ರಚನೆಯಿಂದ ದೂರ ಜಾರುತ್ತದೆ. ನಾಲ್ಕು ವರ್ಷದ ನಂತರ ಮೈಕೆಲ್ ಫೈಗ್ ತಂಡ ಆಲ್ಫಾ ಕಾರ್ಬನ್‌ಗಳಿಗೆ ಸಡಿಲ ಕಟ್ಟು ಹಾಕಿ, ಹಲವು ಓಟಗಳಿಂದ ಆಯ್ದ ರಚನೆಗಳ ಸರಾಸರಿ ತೆಗೆದು ಸ್ಥಿರವಾಗಿ ಲಾಭ ತೋರಿಸಿತು. ಲಾಭ ಚಿಕ್ಕದೇ.

ಅಲ್ಲಿಂದ ಉಳಿದುಬಂದ ಕ್ರಮ ಮಿತವಾದದ್ದು. ಮೊದಲು ಹಿಸ್ಟಿಡಿನ್‌ಗಳ ಹೈಡ್ರೋಜನ್ ಯಾವ ಸಾರಜನಕದ ಮೇಲಿರಬೇಕೆಂದು ಒಂದೊಂದಾಗಿ ತೀರ್ಮಾನಿಸಿ, ಡೈಸಲ್ಫೈಡ್‌ಗಳನ್ನು (ಗಂಧಕದ ಬಂಧಗಳನ್ನು) ತಂತ್ರಾಂಶಕ್ಕೆ ಘೋಷಿಸಿ. ಬೆನ್ನೆಲುಬನ್ನು ಕಟ್ಟಿಟ್ಟು ಸೈಡ್ ಚೈನ್‌ಗಳ (ಬದಿಯ ಕವಲುಗಳ) ಡಿಕ್ಕಿ ಮಾತ್ರ ಬಿಡಿಸಿ: ಮೊದಲು ಸ್ಟೀಪೆಸ್ಟ್ ಡಿಸೆಂಟ್, ಆಮೇಲೆ ಕಾಂಜುಗೇಟ್ ಗ್ರೇಡಿಯಂಟ್, ಎರಡೂ ಮಿನಿಮೈಸ್ ಮಾಡುವ ವಿಧಾನಗಳು. ನೀರಿಲ್ಲದ ನಿರ್ವಾತದಲ್ಲಿ ಇದನ್ನು ಮಾಡಿದರೆ ಮೇಲ್ಮೈಯ, ವಿರುದ್ಧ ವಿದ್ಯುದಾವೇಶದ ಆರ್ಜಿನಿನ್, ಗ್ಲುಟಮೇಟ್‌ಗಳು ಒಂದನ್ನೊಂದು ತಬ್ಬಿಕೊಂಡು ಪ್ರೋಟೀನು ಮುದುಡಿಕೊಳ್ಳುತ್ತದೆ. 12 ರೆಸಿಡ್ಯೂಗಿಂತ ಉದ್ದದ, ಟೆಂಪ್ಲೇಟಿನಲ್ಲಿಲ್ಲದ ಲೂಪನ್ನು ನಂಬಿ ಡಾಕಿಂಗ್ ಮಾಡದಿರುವುದೇ ಲೇಸು.

2020ರ ಕ್ಯಾಸ್ಪ್‌ನಲ್ಲಿ ಆಲ್ಫಾಫೋಲ್ಡ್ 2 ಬಂದ ಮೇಲೆ ಅಲೈನ್‌ಮೆಂಟಿನ ಜಗಳ ಬಹುಮಟ್ಟಿಗೆ ಮುಗಿಯಿತು, ತೀಡುವ ಚಟ ಮುಗಿಯಲಿಲ್ಲ. ಪಿಎಲ್‌ಡಿಡಿಟಿ (ತನ್ನ ಊಹೆಗೆ ಆಲ್ಫಾಫೋಲ್ಡ್ ತಾನೇ ಕೊಡುವ, ನೂರಕ್ಕೆ ಇಷ್ಟೆಂಬ ಭರವಸೆಯ ಅಂಕ) 50ಕ್ಕಿಂತ ಕೆಳಗಿರುವ, ಶಾವಿಗೆಯಂತೆ ಹರಡಿದ ತುದಿಗಳನ್ನೂ ಜನ ಮಿನಿಮೈಸ್ ಮಾಡುತ್ತಾರೆ. ಬಹಳಷ್ಟು ಸಲ ಅಲ್ಲಿ ತೀಡಲು ರಚನೆಯೇ ಇರುವುದಿಲ್ಲ. ಇನ್ನು ಒಂದೇ ಪ್ರೋಟೀನಿನ ಎರಡು ಭಂಗಿಗಳಲ್ಲಿ ನಮಗೆ ಬೇಕಾದದ್ದನ್ನೇ ಆಲ್ಫಾಫೋಲ್ಡ್ ಕೊಡುತ್ತದೆಂಬ ಭರವಸೆಯಿಲ್ಲ. ಇಮಾಟಿನಿಬ್‌ನಂಥ ಕ್ಯಾನ್ಸರ್ ಔಷಧ ಕೂರುವ ಡಿಎಫ್‌ಜಿ-ಔಟ್ ಭಂಗಿಯ (ಡಿಎಫ್‌ಜಿ ಎಂಬ ಮೂರು ರೆಸಿಡ್ಯೂ ಹೊರಕ್ಕೆ ತಿರುಗಿದ) ಕೈನೇಸ್ ಕಿಣ್ವ ಬೇಕಿದ್ದರೆ, ಇಮಾಟಿನಿಬ್ ಕೂತಿರುವ ಏಬಲ್ ಕೈನೇಸ್‌ನ ಪಿಡಿಬಿ ರಚನೆ 1ಐಇಪಿಯಂಥದ್ದನ್ನು ಟೆಂಪ್ಲೇಟ್ ಮಾಡಿಕೊಂಡು ಹಳೇ ಮಾಡೆಲರ್‌ನಲ್ಲೇ ಕಟ್ಟುವುದು ಇವತ್ತಿಗೂ ಸುಲಭದ ದಾರಿ. ಮಿನಿಮೈಸ್ ಮಾಡಿದ ಮೇಲೆ ಆ ಡಿಎಫ್‌ಜಿಯ ಫಿನೈಲಅಲನಿನ್ ಇನ್ನೂ ಹೊರಗೇ ಇದೆಯೇ ಎಂದು ಒಮ್ಮೆ ತೆರೆದು ನೋಡಬೇಕು.