ಒಮ್ಮೆ ಕೊಟ್ಟ ಪಿಆರ್ ಫೀಸಿಗೆ ಮತ್ತೆ ದುಡ್ಡು ಕೇಳಿದರೆ ಏನು ಮಾಡುವುದು?

ಪ್ರಶ್ನೆ: ಮಗ ಇಲ್ಲೇ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಕೆನಡಾಕ್ಕೆ ಹೋಗಿ ಓದಿದ. ಈಗ ಅಲ್ಲೇ ಕೆಲಸದಲ್ಲಿದ್ದಾನೆ, ಸೊಸೆಯೂ ಅಲ್ಲೇ ಇದ್ದಾಳೆ. ಇಬ್ಬರಿಗೂ ಪಿಆರ್ (ಅಲ್ಲಿನ ಕಾಯಂ ನಿವಾಸ) ಅರ್ಜಿ ಹಾಕಲು ಇಲ್ಲಿನ ಒಂದು ಕನ್ಸಲ್ಟೆನ್ಸಿಗೆ 'ಸರ್ಕಾರಿ ಫೀಸು' ಎಂದು ದುಡ್ಡು ಕೊಟ್ಟಿದ್ದೆವು. ತಿಂಗಳುಗಳಾದ ಮೇಲೆ ಈಗ ಫೀಸು ಏರಿದೆ, ಇನ್ನಷ್ಟು ಕೊಡಿ ಎನ್ನುತ್ತಿದ್ದಾರೆ. ಒಮ್ಮೆ ಕಟ್ಟಿದ ಮೇಲೂ ಮತ್ತೆ ಕಟ್ಟಬೇಕಾ? ಅರ್ಜಿ ಆಗದೇ ಹೋದರೆ ಆ ದುಡ್ಡು ವಾಪಸ್ ಬರುತ್ತಾ?
— ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ಒಂದು ತಾರೀಕಿನಲ್ಲಿದೆ. ಮಗನ ಅರ್ಜಿ ಕೆನಡಾ ಸರ್ಕಾರದ ಕೈ ಸೇರಿದ ದಿನ ಯಾವುದು? ಆ ದಿನ ಇದ್ದ ದರವೇ ಅವನ ದರ. ಅರ್ಜಿಯೂ ಪೂರ್ತಿ ಫೀಸೂ ದರ ಏರುವ ಮೊದಲೇ ಸಲ್ಲಿಕೆಯಾಗಿದ್ದರೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕಟ್ಟಬೇಕಿಲ್ಲ. ನೀವು ಕನ್ಸಲ್ಟೆನ್ಸಿಯವರ ಮೇಜಿನ ಮೇಲೆ ದುಡ್ಡು ಇಟ್ಟ ದಿನಕ್ಕೆ ಅಲ್ಲಿ ಬೆಲೆಯಿಲ್ಲ. ಆ ದುಡ್ಡು ಅವರ ಖಾತೆಯಲ್ಲೇ ಉಳಿದು, ಅರ್ಜಿ ದರ ಏರಿದ ಮೇಲೆ ಹೋಗಿದ್ದರೆ ಹೊಸ ದರ ಕಟ್ಟಲೇಬೇಕು. ಹಾಗಾಗಿ 'ಇನ್ನೆಷ್ಟು ಕೊಡಬೇಕು' ಎಂದು ಕೇಳುವ ಮೊದಲು 'ಯಾವತ್ತು ಸಲ್ಲಿಸಿದಿರಿ' ಎಂದು ಕೇಳಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2024ರಲ್ಲಿ ನನ್ನ ಅಕ್ಕನ ಮಗನಿಗೆ ಹೀಗೇ ಆಯಿತು. ಮಾರ್ಚ್‌ನಲ್ಲಿ ಅವನಿಗೆ ಅರ್ಜಿ ಹಾಕಲು ಆಹ್ವಾನ ಬಂತು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅರ್ಹತೆಗೆ ಅಂಕ ಕೊಟ್ಟು ಪಿಆರ್ ಅರ್ಜಿಗೆ ಕರೆಯುವ ಕೆನಡಾದ ಪದ್ಧತಿಯಲ್ಲಿ, ಆಹ್ವಾನ ಬಂದ ಮೇಲೆ 60 ದಿನ ಗಡುವು. ಅಕ್ಕ ಮೆಕ್ಕೆಜೋಳ ಮಾರಿ ಬಂದ ದುಡ್ಡಿಗೆ ಸಂಘದ ಸಾಲವನ್ನೂ ಸೇರಿಸಿ ಏಪ್ರಿಲ್ ಮೊದಲ ವಾರದಲ್ಲೇ ಪೂರ್ತಿ ಫೀಸನ್ನು ಏಜೆಂಟರಿಗೆ ಕೊಟ್ಟುಬಿಟ್ಟಳು. ಆದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೈಗೆ ಬಂದಿರಲಿಲ್ಲ. ಅದು ಬಂದು, ಕಡತ ಕೂಡಿಸಿ, ಮೇ ಮೊದಲ ವಾರ ಅರ್ಜಿ ಹೋಯಿತು. ಗಡುವು ಮೀರಿರಲಿಲ್ಲ, ನಿಜ. ಆದರೆ ನಡುವೆ ದರ ಏರುವ ಏಪ್ರಿಲ್ 30 ದಾಟಿತ್ತು, 160 ಕೆನಡಾ ಡಾಲರ್ ಹೆಚ್ಚು ಬಿತ್ತು. ಅಷ್ಟು ದಿನ ಆ ದುಡ್ಡು ಎಲ್ಲಿತ್ತು ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ. ದರ ಏರುವ ದಿನ ಮೊದಲೇ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅವನು ಸರ್ಟಿಫಿಕೇಟಿಗೆ ಮಾರ್ಚ್‌ನಲ್ಲೇ ಓಡಾಡುತ್ತಿದ್ದ.

ಈ ಏಪ್ರಿಲ್ 30ರ ಲೆಕ್ಕವನ್ನು ಮಕ್ಕಳನ್ನು ಕೆನಡಾಕ್ಕೆ ಕಳಿಸಿದ ಎಲ್ಲ ಮನೆಯವರೂ ತಿಳಿದಿರಬೇಕು. 2020ರಿಂದ ಅಲ್ಲಿನ ಪಿಆರ್ ಫೀಸು ಎರಡು ವರ್ಷಕ್ಕೊಮ್ಮೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುವ ಪದ್ಧತಿ ಬಂದಿದೆ. ಸಮ ಸಂಖ್ಯೆಯ ವರ್ಷಗಳಲ್ಲಿ, ಏಪ್ರಿಲ್ 30ಕ್ಕೆ. ದಿನಸಿ, ಬಾಡಿಗೆ, ಪೆಟ್ರೋಲು ಎಷ್ಟು ತುಟ್ಟಿಯಾಯಿತೋ ಅದಕ್ಕೆ ಸರಿಯಾಗಿ ಫೀಸೂ ಏರುತ್ತದೆ. ಉದ್ಯೋಗದ ಅರ್ಹತೆ ಮೇಲೆ ಅರ್ಜಿ ಹಾಕುವ ಒಬ್ಬರಿಗೆ 2020ರ ಏಪ್ರಿಲ್‌ಗೆ ಮೊದಲು ಒಟ್ಟು 1,040 ಡಾಲರ್ ಇತ್ತು. ಆ ವರ್ಷ ಒಂದೇ ಸಲಕ್ಕೆ 1,325ಕ್ಕೆ ಹೋಯಿತು. ಪರಿಶೀಲನೆಯ ಫೀಸು 2002ರಿಂದ 550 ಡಾಲರಿನಲ್ಲೇ ನಿಂತಿದ್ದರಿಂದ ಬಾಕಿಯನ್ನೆಲ್ಲ ಸೇರಿಸಿ ಏರಿಸಿದ ಹಾಗಾಯಿತು. 2022ರಲ್ಲಿ 1,365, 2024ರಲ್ಲಿ 1,525. 2024ರ ಹೊಸ ದರ ಜಾರಿಗೆ ಬಂದದ್ದು ಕೆನಡಾದ ಪೂರ್ವ ಭಾಗದ ಸಮಯ ಬೆಳಿಗ್ಗೆ 9 ಗಂಟೆಗೆ. ನಮ್ಮಲ್ಲಿ ಆಗ ಸಂಜೆ ಆರೂವರೆ. 'ಇವತ್ತು ರಾತ್ರಿಯವರೆಗೆ ಟೈಮಿದೆ' ಎಂದು ಇಲ್ಲಿ ಕೂತವರು ಅಂದುಕೊಂಡಿದ್ದರೆ ತಪ್ಪಿಹೋಗುತ್ತಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. ದುಡ್ಡು ವಾಪಸ್ ಬರುತ್ತಾ? ಒಂದು ಭಾಗ ಬರುತ್ತದೆ, ಒಂದು ಭಾಗ ಬರುವುದಿಲ್ಲ.

'ಸರ್ಕಾರಿ ಫೀಸು' ಎಂದು ಒಂದೇ ಮೊತ್ತ ಹೇಳುತ್ತಾರಲ್ಲ, ಅದರೊಳಗೆ ಎರಡು ಬಾಬತ್ತಿದೆ. 2024ರ ದರದ ಪ್ರಕಾರ 950 ಡಾಲರ್ ಅರ್ಜಿ ಪರಿಶೀಲನೆಗೆ. ಅಧಿಕಾರಿ ಕಡತ ತೆರೆದು ನೋಡಲು ಶುರು ಮಾಡಿದ ಮೇಲೆ ಅದು ಹೋಯಿತು, ಫಲಿತಾಂಶ ಏನೇ ಬಂದರೂ ತಿರುಗಿ ಬರುವುದಿಲ್ಲ. ಉಳಿದ 575 ಡಾಲರ್ ಕಾಯಂ ನಿವಾಸದ ಹಕ್ಕಿನ ಶುಲ್ಕ. ಪಿಆರ್ ಸಿಕ್ಕರೆ ಮಾತ್ರ ಅದು ಸರ್ಕಾರಕ್ಕೆ ಸಲ್ಲುತ್ತದೆ. ಅರ್ಜಿ ತಿರಸ್ಕಾರವಾದರೆ, ಅಥವಾ ನೀವೇ ಹಿಂತೆಗೆದುಕೊಂಡರೆ, ಈ ದುಡ್ಡನ್ನು ಹಿಂದಿರುಗಿಸುತ್ತಾರೆ. ಮಕ್ಕಳಿಗೆ ಈ ಹಕ್ಕಿನ ಶುಲ್ಕವೇ ಇಲ್ಲ, ಪರಿಶೀಲನೆಗೆಂದು 2024ರ ದರದಲ್ಲಿ 260 ಡಾಲರ್ ಅಷ್ಟೆ.

2024ರ ದರದಲ್ಲೇ ನಿಮ್ಮ ಮನೆಯ ಲೆಕ್ಕ ಹಾಕೋಣ. ಮಗ, ಸೊಸೆ ತಲಾ 1,525, ಒಟ್ಟು 3,050 ಡಾಲರ್. ಲೆಕ್ಕಕ್ಕೆ ಸುಲಭವಾಗಲಿ ಎಂದು ಡಾಲರಿಗೆ 60 ರೂಪಾಯಿ ಹಿಡಿದರೆ 1,83,000 ರೂಪಾಯಿ. ಇದರಲ್ಲಿ 1,150 ಡಾಲರ್, ಅಂದರೆ 69,000 ರೂಪಾಯಿ, ಅರ್ಜಿ ಆಗದಿದ್ದರೆ ವಾಪಸ್ ಬರಬೇಕಾದ ದುಡ್ಡು. ಬೆರಳಚ್ಚು, ಫೋಟೊ ಕೊಡಬೇಕಿದ್ದರೆ ಬಯೋಮೆಟ್ರಿಕ್‌ಗೆ ತಲಾ 85 ಡಾಲರ್ ಬೇರೆ. ಕನ್ಸಲ್ಟೆನ್ಸಿ ನಿಮ್ಮಿಂದ ಒಂದೇ ಮೊತ್ತ ಪಡೆದು ಬಾಬತ್ತು ಬಿಡಿಸಿ ಹೇಳದೇ ಇದ್ದರೆ, ನಾಳೆ ಆ 69,000 ಹಿಂತಿರುಗಿ ಬಂದಾಗ ಅದು ಯಾರ ಖಾತೆಗೆ ಹೋಗುತ್ತದೆ? ನಾನು ನೋಡಿದ ಎಷ್ಟೋ ಮನೆಗಳಲ್ಲಿ ಇಂಥದೊಂದು ದುಡ್ಡು ವಾಪಸ್ ಬರುತ್ತದೆ ಎನ್ನುವುದೇ ತಂದೆತಾಯಿಗೆ ಗೊತ್ತಿಲ್ಲ.

ಹಕ್ಕಿನ ಶುಲ್ಕವನ್ನು ಅರ್ಜಿಯ ಜೊತೆಗೇ ಕಟ್ಟಬೇಕೆಂದೇನಿಲ್ಲ, ಕೊನೆಗೆ ಕೇಳಿದಾಗಲೂ ಕಟ್ಟಬಹುದು. ಆದರೆ ಹಾಗೆ ಮುಂದಕ್ಕೆ ಹಾಕಿದವರು ಕಟ್ಟುವ ದಿನದ ದರ ತೆರಬೇಕು. ನಿಮ್ಮ ಕನ್ಸಲ್ಟೆನ್ಸಿಯವರು ಹೆಚ್ಚು ಕೇಳುತ್ತಿರುವುದಕ್ಕೆ ಇದೂ ಕಾರಣವಿರಬಹುದು. ಅರ್ಜಿ ಹಳೆಯ ದರದಲ್ಲೇ ಹೋಗಿ, ಹಕ್ಕಿನ ಶುಲ್ಕ ಮಾತ್ರ ಬಾಕಿ ಉಳಿದಿದ್ದರೆ ಅದಕ್ಕೆ ಹೊಸ ದರ ಕೇಳುವುದು ಸರಿಯೇ. ಆದರೆ ನೀವು ಮೊದಲೇ ಪೂರ್ತಿ ಕೊಟ್ಟಿದ್ದಿರಿ. ಹಾಗಿದ್ದೂ ಆ ಭಾಗವನ್ನು ಅವರು ಏಕೆ ಕಟ್ಟದೆ ಇಟ್ಟುಕೊಂಡರು ಎಂಬುದಕ್ಕೆ ಉತ್ತರ ಕೊಡಬೇಕಾದವರು ಅವರೇ. ದುಡ್ಡು ಕೂಡುವುದಾದರೆ ಮೊದಲೇ ಕಟ್ಟಿಬಿಡುವುದು ಒಳ್ಳೆಯದು, ಹೇಗೂ ಆಗದಿದ್ದರೆ ವಾಪಸ್ ಬರುತ್ತದೆ.

ಅರ್ಧಂಬರ್ಧ ಅರ್ಜಿಯ ಅಪಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ದಾಖಲೆ ಬಿಟ್ಟುಹೋಗಿದ್ದರೆ ಅರ್ಜಿಯನ್ನು ಅಪೂರ್ಣ ಎಂದು ಹಿಂದಕ್ಕೆ ಕಳಿಸುತ್ತಾರೆ. ಫೀಸು ಮರಳಿ ಬರುತ್ತದೆ, ಆದರೆ ಆ ಅರ್ಜಿ ಹಾಕಿಯೇ ಇಲ್ಲ ಎಂದು ಲೆಕ್ಕ. ಮತ್ತೆ ಹಾಕುವ ಹೊತ್ತಿಗೆ ದರ ಏರಿದ್ದರೆ ಹೊಸ ದರ. ಹಳೇ ದರ ಹಿಡಿಯುವ ಅವಸರದಲ್ಲಿ ಅರೆಬರೆ ಅರ್ಜಿ ಹಾಕಿಸಬೇಡಿ. 160 ಡಾಲರ್ ಉಳಿಸಲು ಹೋಗಿ ಆಹ್ವಾನವನ್ನೇ ಕಳೆದುಕೊಂಡರೆ ಮತ್ತೆ ಯಾವಾಗ ಬರುತ್ತದೋ.

ಊರಲ್ಲಿ ಈಗ ಎಲ್ಲ ದೇಶದ ಸುದ್ದಿಯೂ ಒಂದೇ ಪಾತ್ರೆಯಲ್ಲಿ ಬೆರೆತಿದೆ. ಗುಂಡಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಿದ್ದಾಗ ಒಬ್ಬ ಹಿರಿಯರು 'ಕೆನಡಾಕ್ಕೆ ಒಂದು ಲಕ್ಷ ಡಾಲರ್ ಅಂತಲ್ಲಪ್ಪಾ, ನಮ್ಮ ಮೊಮ್ಮಗ ಏನ್ ಮಾಡ್ತಾನೋ' ಎಂದು ಕಳವಳದಿಂದ ಕೇಳಿದರು. ಆ ಒಂದು ಲಕ್ಷ ಡಾಲರ್ ಅಮೆರಿಕದ್ದು. 2025ರ ಸೆಪ್ಟೆಂಬರ್ 21ರಿಂದ ಹೊಸ ಎಚ್-1ಬಿ (ಅಮೆರಿಕದ ಉದ್ಯೋಗ ವೀಸಾ) ಅರ್ಜಿಗಳ ಮೇಲೆ ಅಲ್ಲಿನ ಅಧ್ಯಕ್ಷರ ಆದೇಶದಂತೆ ಬಂದದ್ದು, ಅದನ್ನು ತೆರಬೇಕಾದದ್ದು ಕೆಲಸ ಕೊಡುವ ಕಂಪನಿ. ಕೆನಡಾದ ಪಿಆರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಇಷ್ಟು ಹೇಳಿದಾಗ ಅವರ ಮುಖ ತಿಳಿಯಾದದ್ದು ನನಗೆ ನೆನಪಿದೆ.

ಏರಿಕೆಯ ಕಾರಣವೂ ದೇಶಕ್ಕೊಂದು. ಅಮೆರಿಕದ ವಲಸೆ ಇಲಾಖೆ ತನ್ನ ಖರ್ಚಿನ ಸುಮಾರು ಶೇ 96ರಷ್ಟನ್ನು ಅರ್ಜಿದಾರರ ಫೀಸಿನಿಂದಲೇ ತೂಗಿಸುತ್ತದೆ, ಆದ್ದರಿಂದ ಖರ್ಚು ಏರಿದಾಗಲೆಲ್ಲ ಫೀಸು ಏರುತ್ತದೆ. ಆದರೂ 2024ರ ಏಪ್ರಿಲ್ 1ರಂದು ದರಪಟ್ಟಿ ಬದಲಾದಾಗ ಪೌರತ್ವದ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕುವವರಿಗೆ 725 ಡಾಲರ್ ಇದ್ದದ್ದು 710ಕ್ಕೆ ಇಳಿಯಿತು, ಕಾಗದದಲ್ಲಿ ಹಾಕುವವರಿಗೆ 760 ಆಯಿತು. ಆಗ ಅಂಚೆ ಮೂಲಕ ಕಳಿಸಿದ ಅರ್ಜಿಗೆ ಅಂಚೆ ಮುದ್ರೆ ಬಿದ್ದ ದಿನವನ್ನೇ ಹಿಡಿದರು. ಅಲ್ಲಿನ ಪದ್ಧತಿ ಕೇಳಿ ಕೆನಡಾದಲ್ಲೂ ಹಾಗೇ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ವೀಸಾ ಫೀಸಿಗಿಂತ ಆರೋಗ್ಯ ಸೇವೆಯ ಶುಲ್ಕವೇ ಭಾರ. 2024ರ ಫೆಬ್ರುವರಿ 6ರಿಂದ ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 470ರಿಂದ 776 ಪೌಂಡ್ ಆಯಿತು, ಪೂರ್ತಿ ಅವಧಿಯದ್ದನ್ನು ಮುಂಗಡವಾಗಿ ಕಟ್ಟಬೇಕು. ವೀಸಾ ಸಿಗದಿದ್ದರೆ ಅದು ವಾಪಸ್. ಆಸ್ಟ್ರೇಲಿಯಾ ವಿದ್ಯಾರ್ಥಿ ವೀಸಾವನ್ನು 710 ಡಾಲರಿನಿಂದ 2024ರ ಜುಲೈ 1ಕ್ಕೆ 1,600 ಮಾಡಿತು, ಮರು ವರ್ಷ 2,000 ಮಾಡಿತು. ಬರುವವರ ಸಂಖ್ಯೆ ತಗ್ಗಿಸಬೇಕೆಂಬ ಇರಾದೆ ಅದರ ಹಿಂದಿದೆ. ವೀಸಾ ಆಗದಿದ್ದರೆ ಆ ದುಡ್ಡು ಹೋದ ಹಾಗೆಯೇ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಹೀಗೆ ಒಂದು ಲಕ್ಷದ ಮೇಲೆ ಕೈಬಿಟ್ಟವರನ್ನು ಕಂಡಿದ್ದೇನೆ. ನಮ್ಮಲ್ಲಿ 36 ಪುಟದ ಪಾಸ್‌ಪೋರ್ಟಿಗೆ 2012ರಲ್ಲಿ ನಿಗದಿಯಾದ 1,500 ರೂಪಾಯಿ ವರ್ಷಗಟ್ಟಲೆ ಹಾಗೇ ಇದ್ದದ್ದನ್ನು ನೋಡಿ ರೂಢಿಯಾದವರಿಗೆ ಇಂಥ ಏರಿಳಿತ ದಿಗಿಲು ಹುಟ್ಟಿಸುವುದು ಸಹಜ.

ಪಿಆರ್ ಮತ್ತು ಪೌರತ್ವ ಬೇರೆ ಬೇರೆ. ಪಿಆರ್ ಬಂದರೂ ನಿಮ್ಮ ಮಗ ಭಾರತೀಯನೇ, ನಮ್ಮ ಪಾಸ್‌ಪೋರ್ಟೇ ಅವನದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದರೆ ಐದು ವರ್ಷದಲ್ಲಿ 1,095 ದಿನ ಅಲ್ಲಿ ವಾಸವಿರಬೇಕು. ಅದರ ಫೀಸೂ ಎರಡು ಬಾಬತ್ತು. ಪರಿಶೀಲನೆಗೆ 530 ಡಾಲರ್, ಹಕ್ಕಿನ ಶುಲ್ಕ 100 ಡಾಲರ್ ಇದ್ದದ್ದು 2025ರ ಮಾರ್ಚ್ 31ರಿಂದ 119.75 ಆಯಿತು. ಪೌರತ್ವ ಸಿಗದಿದ್ದರೆ ಇಲ್ಲೂ ಹಕ್ಕಿನ ಶುಲ್ಕ ವಾಪಸ್. ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ಅಲ್ಲಿನ ಪೌರನಾದ ದಿನವೇ ಇಲ್ಲಿನ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ; ಬೇಕಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಆ ಖರ್ಚು ಬೇರೆ. ಅದು ಮಗ ಸೊಸೆ ನಿಮ್ಮೊಡನೆ ಕೂತು ಮಾತಾಡಬೇಕಾದ ವಿಷಯ, ಏಜೆಂಟರ ಮುಂದೆ ತೀರ್ಮಾನಿಸುವುದಲ್ಲ.

ಇನ್ನು ನೀವು ಮಾಡಬೇಕಾದದ್ದು. ಕನ್ಸಲ್ಟೆನ್ಸಿಯವರಿಂದ ಎರಡು ಕಾಗದ ಕೇಳಿ. ಒಂದು, ಕೆನಡಾ ಸರ್ಕಾರ ಕೊಟ್ಟ ಫೀಸು ರಸೀದಿ. ಅದರಲ್ಲಿ ಬಾಬತ್ತುವಾರು ಮೊತ್ತ ಕೆನಡಾ ಡಾಲರಿನಲ್ಲಿ ಇರುತ್ತದೆ, ತಾರೀಕು ಇರುತ್ತದೆ. ಅವರ ಸ್ವಂತ ಬಿಲ್ಲು, ಕೈಬರಹದ ಚೀಟಿ ಇದಕ್ಕೆ ಸಮವಲ್ಲ. ಇನ್ನೊಂದು ಅರ್ಜಿ ಸ್ವೀಕೃತಿಯ ಪತ್ರ, ಏಜೆಂಟರ ಭಾಷೆಯಲ್ಲಿ 'ಎಒಆರ್'. ಇವೆರಡರ ತಾರೀಕು ನೋಡಿದರೆ ಅವರು ಕೇಳುತ್ತಿರುವ ಹೆಚ್ಚಿನ ದುಡ್ಡು ನ್ಯಾಯವೋ ಅಲ್ಲವೋ ಅಲ್ಲೇ ತಿಳಿಯುತ್ತದೆ. ಎರಡೂ ಇಲ್ಲವೆಂದರೆ ಅರ್ಜಿ ಇನ್ನೂ ಹೋಗಿಲ್ಲ ಎಂದೇ ತಿಳಿಯಿರಿ, ಕೊಟ್ಟ ದುಡ್ಡನ್ನು ಮೊದಲು ವಾಪಸ್ ಕೇಳಿ. ಹಣ ಪಡೆದು ಅರ್ಜಿದಾರರ ಪರವಾಗಿ ವ್ಯವಹರಿಸಲು ಕೆನಡಾದ ಕಾನೂನು ಅಲ್ಲಿನ ವಕೀಲರಿಗೆ, ಪರವಾನಗಿ ಪಡೆದ ವಲಸೆ ಸಲಹೆಗಾರರಿಗೆ ಅವಕಾಶ ಕೊಟ್ಟಿದೆ. ನಿಮ್ಮವರಿಗೆ ಆ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಪರವಾನಗಿ ಇದ್ದವರ ಪಟ್ಟಿ ಅಲ್ಲಿನ ನಿಯಂತ್ರಣ ಸಂಸ್ಥೆಯ ಬಳಿ ಸಾರ್ವಜನಿಕವಾಗಿಯೇ ಇದೆ, ಮಗ ಹೆಸರು ಹುಡುಕಿ ನೋಡಲಿ.

ಕೊನೆಗೆ ನನ್ನ ಅಭಿಪ್ರಾಯ ಕೇಳಿದರೆ, ಈ ಫೀಸು ದಾವಣಗೆರೆಯಿಂದ ಹೋಗಬೇಕಾದ ಅಗತ್ಯವೇ ಇಲ್ಲ. ಇಲ್ಲಿಂದ ರೂಪಾಯಿ ಕೊಟ್ಟರೆ ಏಜೆಂಟರು ಹೇಳಿದ್ದೇ ಡಾಲರ್ ದರ. ಇಲ್ಲಿನ ಕಾರ್ಡಿನಿಂದ ಕಟ್ಟಿದರೂ ವಿದೇಶಿ ವಿನಿಮಯದ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ನಿಮ್ಮ ಮಗ ಅಲ್ಲೇ ಡಾಲರಿನಲ್ಲಿ ದುಡಿಯುತ್ತಿದ್ದಾನೆ. ಫೀಸನ್ನು ಅವನೇ ತನ್ನ ಕೆನಡಾದ ಕಾರ್ಡಿನಿಂದ ಸರ್ಕಾರದ ಪುಟದಲ್ಲಿ ಕಟ್ಟಿ, ರಸೀದಿಯ ಪ್ರತಿಯನ್ನು ಕನ್ಸಲ್ಟೆನ್ಸಿಗೆ ಕಳಿಸಲಿ. ಆ ದಿನದ ದರ ಎಷ್ಟೆಂದು ಅವನ ಕಣ್ಣಿಗೇ ಕಾಣುತ್ತದೆ. ಹಕ್ಕಿನ ಶುಲ್ಕ ವಾಪಸ್ ಬರುವ ಪ್ರಸಂಗ ಬಂದರೂ ಅವನ ಹೆಸರಿಗೇ ಬರುತ್ತದೆ. ನೀವು ಸಹಾಯ ಮಾಡಲೇಬೇಕೆಂದಿದ್ದರೆ ದುಡ್ಡನ್ನು ಇಲ್ಲೇ ಅವನ ಖಾತೆಗೆ ಹಾಕಿಡಿ, ಊರಿಗೆ ಬಂದಾಗ ಅವನ ಉಪಯೋಗಕ್ಕೆ ಆಗುತ್ತದೆ.