ಸೆಟ್ ದೋಸೆಯ ಸೆಟ್ ಬೇರೆ, ಸೆಟ್ಟೇರಿದ ಸಿನಿಮಾದ ಸೆಟ್ ಬೇರೆ

ಬೆಳಿಗ್ಗೆ ಬೆಂಗಳೂರಿನ ಯಾವ ದರ್ಶಿನಿಯಲ್ಲಾದರೂ ‘ಒಂದು ಸೆಟ್’ ಎಂದರೆ ಸಾಕು, ದೋಸೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೆತ್ತಗಿನ ಎರಡೋ ಮೂರೋ ದೋಸೆ, ಸಾಗು, ಚಟ್ನಿ ಬರುತ್ತವೆ. ತಿನ್ನುತ್ತಾ ಪತ್ರಿಕೆ ಬಿಡಿಸಿದರೆ ಯಾರದೋ ಹೊಸ ಚಿತ್ರ ‘ಸೆಟ್ಟೇರಿದೆ’. ಒಳಪುಟದಲ್ಲಿ ಪಂಪ್‌ಸೆಟ್‌ಗೆ ಹಗಲು ವಿದ್ಯುತ್ ಕೊಡಿ ಎಂಬ ರೈತರ ಬೇಡಿಕೆ, ಸೆಟ್‌ಬ್ಯಾಕ್ ಬಿಡದೆ ಕಟ್ಟಿದ ಮನೆಗೆ ನೋಟಿಸು. ಕ್ರೀಡಾಪುಟದಲ್ಲಿ ಟೆನಿಸ್ ಸೆಟ್. ಕಾಫಿ ಆರುವುದರೊಳಗೆ ಐದು ಸೆಟ್‌ಗಳು.

ಎಲ್ಲವೂ ಒಂದೇ ಪದ ಎಂದು ನಾನೂ ಬಹುಕಾಲ ನಂಬಿದ್ದೆ. ಹಾಗಲ್ಲ. ಎರಡು ಬೇರೆ ಬೇರೆ ಪದಗಳು ಬೇರೆ ಬೇರೆ ದಾರಿಯಲ್ಲಿ ಬಂದು, ಇಂಗ್ಲಿಷಿನೊಳಗೆ ಒಂದೇ ವೇಷ ತೊಟ್ಟು, ಕೊನೆಗೆ ಯಾವುದು ಯಾವುದೆಂದು ಇಂಗ್ಲಿಷರಿಗೇ ತಿಳಿಯದಂತೆ ಬೆರೆತುಹೋಗಿವೆ.

ಹಿರಿಯದು ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಸೆಟ್ಟನ್’, ಅರ್ಥ ಕೂರಿಸು. ಕನ್ನಡದಲ್ಲಿ ‘ಕೂರು’ವಿನಿಂದ ‘ಕೂರಿಸು’ ಆದಂತೆ ಅಲ್ಲಿ ‘ಸಿಟ್’ಗೆ ‘ಸೆಟ್’ ಜೋಡಿಯಾಯಿತು. ಈ ಒಂದು ಎಳೆ ಹಿಡಿದರೆ ಅರ್ಧ ಕಗ್ಗಂಟು ಬಿಡಿಸಿದಂತೆಯೇ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ. ಇಂಗ್ಲಿಷಿನಲ್ಲಿ ಅದನ್ನೇ ‘ಸೆಟ್’ ಮಾಡುತ್ತಾರೆ. ನಾಟಕದ ರಂಗದ ಮೇಲೆ ಬಾಗಿಲು, ಮರ, ಅರಮನೆಯ ಕಂಬ ಕೂರಿಸಿದರೆ ಅದು ಸೆಟ್, ಸಿನಿಮಾದವರು ಅಲ್ಲಿಂದಲೇ ಪದವನ್ನು ಎತ್ತಿಕೊಂಡರು. ಕಾಂಕ್ರೀಟು ಸೆಟ್ ಆಯಿತೆಂದರೆ ಇನ್ನು ಅಲುಗದಂತೆ ಗಟ್ಟಿಯಾಗಿ ಕೂತಿತು ಎಂದೇ. ನಮ್ಮ ಬಾಯಲ್ಲಿ ನಿತ್ಯ ಓಡಾಡುವ ‘ಸೀಟು’, ‘ಸೆಟಲ್’ ಕೂಡ ಇದೇ ಮನೆಯವು. ‘ಹುಡುಗ ಸೆಟಲ್ ಆಗಿದ್ದಾನೆಯೇ’ ಎಂದು ಹೆಣ್ಣಿನ ಕಡೆಯವರು ಕೇಳುವಾಗ, ಮೂಲದ ಮಟ್ಟಿಗೆ, ಅವನು ಒಂದು ಕಡೆ ಕೂತಿದ್ದಾನೆಯೇ ಎಂದಷ್ಟೇ ಕೇಳುತ್ತಿರುತ್ತಾರೆ.

ಇನ್ನೂ ಆಳಕ್ಕೆ ಹೋದರೆ ಈ ಧಾತುವಿನ ಸಂಸ್ಕೃತದ ದಾಯಾದಿ ‘ಸದ್’, ಅಂದರೆ ಕೂರು. ಸದನ, ಸಂಸತ್ತು, ಪರಿಷತ್ತು ಎಲ್ಲವೂ ಅದರಿಂದಲೇ ಹುಟ್ಟಿದವು. ಹಾಗಾಗಿ ಸಿನಿಮಾ ಸೆಟ್ಟಿಗೂ ವಿಧಾನ ಪರಿಷತ್ತಿಗೂ ದೂರದ ರಕ್ತಸಂಬಂಧವಿದೆ. ಇದನ್ನು ಕುಹಕ ಎಂದುಕೊಳ್ಳಬೇಡಿ; ನಾನು ಹೇಳುತ್ತಿರುವುದು ಭಾಷೆಯ ಮಾತು.

ದೋಸೆಯ ಸೆಟ್ಟಿನ ವಂಶವೇ ಬೇರೆ. ಗುಂಪು, ಜೊತೆ ಎಂಬರ್ಥದ ಆ ನಾಮಪದ ಫ್ರೆಂಚರ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು. ಸೆಕ್ಟಾ ಎಂದರೆ ಅನುಸರಣೆ. ಒಬ್ಬನ ಹಿಂದೆ ನಡೆದವರ ಪಂಥವೂ ಅದೇ. ಮೊದಲು ಜನರ ಗುಂಪಿಗೆ ಅಂಟಿದ ಪದ ಕ್ರಮೇಣ ಒಟ್ಟಿಗೆ ಇರಬೇಕಾದ ವಸ್ತುಗಳಿಗೂ ಅಂಟಿತು. ಮೋಟಾರು, ಪಂಪು ಜೊತೆಯಾದರೆ ಪಂಪ್‌ಸೆಟ್. ಈ ವಂಶಕ್ಕೂ ಸಂಸ್ಕೃತದಲ್ಲಿ ನಂಟರಿದ್ದಾರೆ: ಜೊತೆಗಿರು ಎಂಬರ್ಥದ ‘ಸಚ್’ ಧಾತು, ಅದರಿಂದ ಬಂದ ‘ಸಚಿವ’. ಕೂರುವ ಸಂಸತ್ತು ಒಂದು ಸೆಟ್ಟಿನ ನೆಂಟ, ಅಲ್ಲಿ ಕೂರುವ ಸಚಿವರು ಇನ್ನೊಂದು ಸೆಟ್ಟಿನವರು.

ಇಂಥ ಪದಗಳ ಹೊರೆ ಎಷ್ಟೆಂದು ಅಳೆಯಲು ಹೊರಟವರು ಆಕ್ಸ್‌ಫರ್ಡ್ ನಿಘಂಟಿನವರು. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ ಹೊಸ ನಿಘಂಟಿನ ವಿಚಾರ ಎತ್ತಿದ್ದು 1857ರಲ್ಲಿ. ಜೇಮ್ಸ್ ಮರ್ರಿಯ ಸಂಪಾದಕತ್ವದಲ್ಲಿ ಮೊದಲ ಭಾಗ ಅಚ್ಚಾಗಿದ್ದು 1884ರಲ್ಲಿ. ಕೊನೆಯ ಭಾಗ ಬಂದಾಗ 1928. ಮರ್ರಿ ತೀರಿಹೋಗಿ 13 ವರ್ಷವಾಗಿತ್ತು. ಸ್ವಯಂಸೇವಕರು ಪುಸ್ತಕ ಓದಿ, ಪದ ಬಳಕೆಯಾದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸುತ್ತಿದ್ದರು. ಆ ಚೀಟಿಗಳನ್ನು ರಾಶಿ ಹಾಕಿ ಅರ್ಥ ಬೇರ್ಪಡಿಸುವುದು ಕೆಲಸ. ‘ಸೆಟ್’ ಬಂದು ಬಿದ್ದದ್ದು ಹೆನ್ರಿ ಬ್ರಾಡ್ಲಿಯ ಪಾಲಿಗೆ. ಇಡೀ ನಿಘಂಟಿನ ಅತಿ ಉದ್ದದ ನಮೂದು ಅದು. 20 ಸಂಪುಟಗಳ 1989ರ ಎರಡನೆಯ ಆವೃತ್ತಿಯಲ್ಲೂ ಪಟ್ಟ ಅದರದ್ದೇ, ಕ್ರಿಯಾಪದಕ್ಕೇ 430 ಅರ್ಥಗಳು, ವಿವರಣೆ 60,000 ಪದಗಳಷ್ಟು. ಅದೇ ಒಂದು ಪುಸ್ತಕವಾಗುತ್ತದೆ.

ಆ ಪಟ್ಟವನ್ನು ಕಿತ್ತುಕೊಂಡದ್ದು ‘ರನ್’. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಒಂಬತ್ತು ತಿಂಗಳು ಕೂತು ಅದರ ಕ್ರಿಯಾರೂಪಕ್ಕೆ 645 ಅರ್ಥಗಳನ್ನು ಗುರುತಿಸಿದ ಸುದ್ದಿ 2011ರಲ್ಲಿ ಬಂತು. ಯಂತ್ರಗಳ ಯುಗ ‘ರನ್’ಗೆ ಒಲಿಯಿತು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಕನ್ನಡದಲ್ಲೂ ರೈಲು ಓಡುತ್ತದೆ, ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ.

ಸಣ್ಣ ಪದಕ್ಕೇ ಇಷ್ಟು ಅರ್ಥ ಏಕೆ? ಒಂದು ಕಾರಣ, ಇಂಗ್ಲಿಷಿನ ಅಪ್, ಆಫ್, ಔಟ್, ಇನ್ ಎಂಬ ಚಿಲ್ಲರೆ ಪದಗಳು. ‘ಸೆಟ್’ ಹಿಂದೆ ಒಂದೊಂದನ್ನೇ ಅಂಟಿಸಿದಂತೆ ಕಟ್ಟುವುದು, ಹೊರಡುವುದು, ಸ್ಫೋಟಿಸುವುದು, ಮಳೆಗಾಲ ಕಾಲೂರುವುದು ಎಲ್ಲವೂ ಆಗುತ್ತದೆ. ಇನ್ನೊಂದು, ಭೂತಕಾಲದಲ್ಲೂ ರೂಪ ಬದಲಾಗದ ಅದರ ಸೋಮಾರಿತನ. ನಮ್ಮ ‘ಇಡು’ ಕೂಡ ಕಡಿಮೆಯಿಲ್ಲ: ಹೆಸರಿಡುತ್ತೇವೆ, ರಂಗೋಲಿ ಇಡುತ್ತೇವೆ, ನಂಬಿಕೆ ಇಡುತ್ತೇವೆ, ಕೋಳಿ ಮೊಟ್ಟೆ ಇಡುತ್ತದೆ. ಎಣಿಸಲು ಯಾರಾದರೂ ಒಂಬತ್ತು ತಿಂಗಳು ಕೂರಬೇಕಷ್ಟೆ.

ಕನ್ನಡವಂತೂ ಎರವಲು ತಂದದ್ದನ್ನು ಹಾಗೇ ಇಟ್ಟುಕೊಂಡಿಲ್ಲ. ಇಂಗ್ಲಿಷಿನಲ್ಲಿ ಸಿನಿಮಾ ಯಾವ ಸೆಟ್ಟನ್ನೂ ಏರುವುದಿಲ್ಲ. ಹಸೆಮಣೆ ಏರುವ, ಗದ್ದುಗೆ ಏರುವ ನುಡಿಗಟ್ಟಿನ ಅಚ್ಚಿನಲ್ಲಿ ಸಿನಿಮಾ ಪತ್ರಕರ್ತರು ‘ಸೆಟ್ಟೇರು’ ಎಂದು ಎರಕ ಹೊಯ್ದರು. ಬಯಲಿನಲ್ಲೇ ಚಿತ್ರೀಕರಣ ನಡೆದು ಸೆಟ್ಟೇ ಹಾಕದಿದ್ದರೂ ಚಿತ್ರ ಸೆಟ್ಟೇರುತ್ತದೆ. ‘ಆ ಬಣ್ಣ ನನಗೆ ಸೆಟ್ ಆಗುವುದಿಲ್ಲ’ ಎನ್ನುವಲ್ಲಿ ಹೊಂದುವುದು, ಒಗ್ಗುವುದು ಎಂಬ ಅರ್ಥ ನಮ್ಮಲ್ಲಿ ಬೆಳೆದದ್ದು.

ಗಣಿತದ ಸೆಟ್ಟಿಗೆ ಮಾತ್ರ ಕನ್ನಡ ಪಠ್ಯಪುಸ್ತಕಗಳು ‘ಗಣ’ ಎಂಬ ಪದವನ್ನು ಉಳಿಸಿಕೊಂಡಿವೆ. ಯಾವ ವಸ್ತು ಒಳಗೆ, ಯಾವುದು ಹೊರಗೆ ಎಂಬುದು ಸ್ಪಷ್ಟವಾಗಿ ಗೊತ್ತಿರುವ ಸಮೂಹ ಎಂದು ಅದರ ವ್ಯಾಖ್ಯೆ. ಹೋಟೆಲಿನ ಸೆಟ್ ಈ ಪರೀಕ್ಷೆಯಲ್ಲಿ ನಪಾಸು. ಒಂದು ಕಡೆ ಎರಡು ದೋಸೆ, ಇನ್ನೊಂದು ಕಡೆ ಮೂರು. ತಟ್ಟೆ ಬಂದ ಮೇಲೆಯೇ ಎಣಿಸಿಕೊಳ್ಳಬೇಕು.